ಕಪ್ಪನ್ನು ಕಪ್ಪಾಗಿ ತೋರಿಸುವ ಯಂತ್ರ

ಬಣ್ಣದಮ್ಮ ಪ್ರೊಜೆಕ್ಟರ್ ಕೊಳ್ಳಲು ಹೊರಟಾಗ ಚೀಲದಲ್ಲಿ ಎರಡೇ ವಸ್ತು ಇಟ್ಟುಕೊಂಡಿದ್ದಳು: ಮೊಮ್ಮಗಳು ಫೋಟೋ ತುಂಬಿಕೊಟ್ಟಿದ್ದ ಪೆನ್‌ಡ್ರೈವ್, ಅಂಗೈಯಗಲದ ಕಪ್ಪು ಬಟ್ಟೆ. ಜೊತೆಗೆ ಅಳಿಯ ಬಂದಿದ್ದ. ಯಂತ್ರಗಳ ಗುಣಗಾನವನ್ನೆಲ್ಲ ಅವನು ಚೀಟಿಯಲ್ಲಿ ಬರೆದುಕೊಂಡಿದ್ದ.

ಬಟ್ಟೆ ಗಿರಣಿಯಲ್ಲಿ ಬಣ್ಣ ಅದ್ದುವ ಬಣ್ಣದ ಮನೆಯಲ್ಲಿ ಮೂವತ್ತೊಂದು ವರ್ಷ ಬಿಸಿ ತೊಟ್ಟಿಯೆದುರು ನಿಂತವಳು ಅವಳು. ಬರುವ ಭಾನುವಾರ ಮಧ್ಯಾಹ್ನ ಗಿರಣಿಗೆ ಐವತ್ತು ವರ್ಷ ತುಂಬಿದ ಸಭೆ. ಬಣ್ಣದ ಮನೆಯ ನಮ್ಮ ಫೋಟೋಗಳನ್ನೂ ತೋರಿಸಿ ಎಂದು ಕೇಳಲು ಹೋದರೆ ಮ್ಯಾನೇಜರು ತಮ್ಮ ಪ್ರೊಜೆಕ್ಟರಿಗೆ ಹಾಕಿ ನೋಡಿ, "ಬರೀ ಆವಿ, ಕತ್ತಲೆ. ಒಬ್ಬರ ಮುಖಾನೂ ಕಾಣಲ್ಲ. ಯಂತ್ರದ ಫೋಟೋ ಸಾಕು ಬಿಡೀಮ್ಮ" ಅಂದಿದ್ದರು.

"ಕಾಣಿಸೋ ಪ್ರೊಜೆಕ್ಟರ್ ನಾವೇ ತರ್ತೀವಿ" ಎಂದು ಅವಳು ಎದ್ದು ಬಂದಿದ್ದಳು.

ಅಂಗಡಿಯವನು ಎಲ್ಲಕ್ಕಿಂತ ದೊಡ್ಡದನ್ನೇ ಹಚ್ಚಿದ. ಗೋಡೆಯ ಮೇಲೆ ಹಸಿರು ಗಿಳಿಯೊಂದು ಝಗಝಗಿಸಿತು.

"ಐದು ಸಾವಿರ ಲ್ಯೂಮೆನ್ ಬೆಳಕು, ಅಜ್ಜಿ! ಹಗಲಲ್ಲೂ ಸೂರ್ಯನ್ನ ನಾಚಿಸತ್ತೆ."

"ನಾನೂ ಅದನ್ನೇ ಬರ್ಕೊಂಡಿದ್ದೆ" ಎಂದು ಅಳಿಯ ಚೀಟಿ ಬಿಚ್ಚಿದ.

"ಗಿಳಿ ಎಲ್ಲಿ ಕೂತ್ರೂ ಚೆಂದಾನೇ ಕಣಪ್ಪ. ನಮ್ಮ ಫೋಟೋ ಹಾಕು. ದೀಪ ಆರ್ಸು, ಷಟರ್ ಎಳಿ."

"ವ್ಯಾಪಾರದ ಹೊತ್ತಲ್ಲಿ ಷಟರ್ ಎಳೆಯೋದಾ?"

"ಕೊಳ್ಳೋರು ಒಳಗೇ ಇದ್ದೀವಲ್ಲ."

ಅಂಗಡಿಯವನು ಗೊಣಗುತ್ತ ಷಟರ್ ಎಳೆದ. ಗೋಡೆಯ ಮೇಲೆ ಬಣ್ಣದ ಮನೆ ಬಂತು. ಆವಿ, ತೊಟ್ಟಿ, ತೊಟ್ಟಿಯ ಸುತ್ತ ಹೆಂಗಸರ ಆಕಾರಗಳು. ಹಿಂದಿನ ಮೂಲೆಯಲ್ಲಿ, ತೊಲೆಯ ಕೆಳಗೆ, ಗೆಳತಿ ಕಿಲಕಿಲ ಇರಬೇಕಿತ್ತು. ನಕ್ಕರೆ ನಿಲ್ಲಿಸುತ್ತಿರಲಿಲ್ಲವೆಂದು ಆ ಹೆಸರು. ತನ್ನ ಮಗಳು ಇನ್ನೂ ತೊಟ್ಟಿಲಲ್ಲಿರುವಾಗಲೇ ತೀರಿಕೊಂಡವಳು. ಅವಳದೆಂದು ಉಳಿದದ್ದು ಈ ಒಂದೇ ಫೋಟೋ. ತಾಯಿಯ ಮುಖವನ್ನೇ ಕಾಣದ ಆ ಮಗಳು ಭಾನುವಾರ ಸಭೆಗೆ ಬರುವವಳಿದ್ದಳು.

ಮೂಲೆಯಲ್ಲಿ ಬೂದಿ ಬಳಿದಂತಿತ್ತು, ಅಷ್ಟೇ.

ಕಪ್ಪಿನಲ್ಲಿ ನೂರು ಕಪ್ಪಿದೆ ಎಂಬುದು ಬಣ್ಣದ ಮನೆಯ ಮೊದಲ ಪಾಠ. ಒಪ್ಪಿಗೆಯಾದ ಮಾದರಿ ತುಂಡನ್ನು ಪಕ್ಕದಲ್ಲಿ ಹಿಡಿದು ನೋಡದೆ ಅಲ್ಲಿ ಯಾರೂ ಕಪ್ಪು ಬಟ್ಟೆಯನ್ನು ತೊಟ್ಟಿಯಿಂದ ಎತ್ತುತ್ತಿರಲಿಲ್ಲ. ಬಣ್ಣದಮ್ಮ ಗೋಡೆಯ ಹತ್ತಿರ ಹೋಗಿ, ಬೆಳಕು ತಾಗದ ಅಂಚಿನಲ್ಲಿ ತನ್ನ ತುಂಡನ್ನು ಹಿಡಿದಳು.

"ಇದು ಕಪ್ಪು. ನಿನ್ನ ಯಂತ್ರದ್ದು ಒಲೆ ಬೂದಿ. ಮುಂದಿನ ಯಂತ್ರ ಹಾಕು."

ಎರಡನೆಯದೂ ಬೂದಿ. ಮೂರನೆಯದು ನೀಲಿಗೆ ತಿರುಗಿತು. ಅಂಗಡಿಯವನು ಬೆವರು ಒರೆಸಿಕೊಂಡು ಕೆಳಗಿನ ಕಪಾಟಿನಿಂದ ಧೂಳು ಹಿಡಿದ ಒಂದನ್ನು ಎತ್ತಿದ. "ಇದರ ಬೆಳಕು ಮಂದ, ಅಜ್ಜಿ. ಕತ್ತಲೆ ಕೋಣೇಲಿ ಸಿನಿಮಾ ನೋಡೋರಿಗೆ ಮಾತ್ರ."

ಕಪ್ಪು ಕಪ್ಪಾಗಿಯೇ ಬಂತು. ಅದರೊಳಗಿಂದ ಮೊದಲು ಹಲ್ಲು, ಆಮೇಲೆ ಕೆನ್ನೆ, ಕೆನ್ನೆಯ ಮೇಲೆ ಒರೆಸಿದ ನೀಲಿ ಬೆರಳಿನ ಗುರುತು.

"ಬಂದ್ಯೇನೇ, ಮಾರಾಯ್ತಿ" ಎಂದಳು ಬಣ್ಣದಮ್ಮ. ಅಂದು ಆ ಕೆನ್ನೆಗೆ ಬೆರಳು ಒರೆಸಿದವಳು ತಾನೇ.

"ಅತ್ತೆ, ಸಭಾಂಗಣಕ್ಕೆ ಹನ್ನೆರಡು ಕಿಟಕಿ" ಎಂದ ಅಳಿಯ. "ಮಟಮಟ ಮಧ್ಯಾಹ್ನ. ಪರದೆ ಇಲ್ಲ, ಹಾಕ್ಸೋದೂ ಇಲ್ಲ ಅಂತ ಮ್ಯಾನೇಜರು ಹೇಳಿದ್ದಾರೆ. ಅಲ್ಲಿ ಇದು ಏನೇನೂ ಕಾಣಲ್ಲ."

"ಬಣ್ಣದ ಮನೆ ಮುಚ್ಚಿದ ದಿನ ನಮಗೆ ಏನು ಕೊಟ್ಟು ಕಳಿಸಿದ್ರು, ಗೊತ್ತಾ ಅಳಿಯಂದ್ರೇ? ನೇಯ್ಗೆ ಕೆಟ್ಟಿದೆ, ಮಾರಾಟಕ್ಕೆ ಬರಲ್ಲ ಅಂತ ಬಿಸಾಕಿದ್ದ ಕಪ್ಪು ಬಟ್ಟೆ, ತಲೆಗೊಂದು ಥಾನು, ಇಡೀ ಸುರುಳಿ. ಈ ತುಂಡು ಅದರದ್ದೇ. ಹದಿನಾಲ್ಕು ಮನೆ ಪೆಟ್ಟಿಗೇಲಿ ಇನ್ನೂ ಹಾಗೇ ಇದೆ. ಹನ್ನೆರಡು ಕಿಟಕಿಗೆ ಕಟ್ಟಿ ಎರಡು ಮಿಗತ್ತೆ."

"ಮ್ಯಾನೇಜರು ತೆಗೀರಿ ಅಂದ್ರೆ?"

"ಏಣಿ ಅಲ್ಲೇ ಇರತ್ತೆ. ಅವರೇ ಹತ್ತಿ ತೆಗೀಲಿ. ಕೆಳಗೆ ಹದಿನಾಲ್ಕು ಜನ ನಿಂತಿರ್ತೀವಿ."

ಅಂಗಡಿಯವನು ಷಟರ್ ಎತ್ತಲು ಕೈ ಹಾಕಿದ.

"ತಡಿಯಪ್ಪ" ಎಂದಳು ಬಣ್ಣದಮ್ಮ, ಸ್ಟೂಲು ಎಳೆದುಕೊಂಡು ಕೂತು. "ಅವಳಿನ್ನೂ ನಗ್ತಾ ಇದ್ದಾಳೆ."