ಉಳಿದಿದ್ದ ಒಂದು ಚೂರು

"ಸ್ವಲ್ಪ ಹೊತ್ತು ಮಾತು ಬೇಡ. ನಮ್ಮ ದನಿಗೂ ಚಿತ್ರ ಅಲುಗುತ್ತೆ," ಎಂದಳು ಅವಳು. ಪಕ್ಕದಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೆ ಇದ್ದದ್ದು ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಚೂರು: ಸಿಲಿಕಾನ್ ಬಿಲ್ಲೆಯ ಮೇಲೆ ಬೆಳೆಸಿದ ಇಂಗಾಲದ ಪದರ. ಬೆಳೆಸಿದವನು ಅವಳ ಗಂಡ. ಅವನು ತೀರಿಕೊಂಡು ವರ್ಷವಾಗಿತ್ತು. ಅವನ ಕೈಯಲ್ಲಿ ಆದದ್ದರಲ್ಲಿ ಉಳಿದಿದ್ದು ಇದೊಂದೇ. ಅದನ್ನು ಅಳೆಯೋಣವೆಂದು ಹುಡುಗಿ ಕೇಳಿದಾಗಲೆಲ್ಲ ಅವಳು "ಮುಂದಿನ ವಾರ ನೋಡೋಣ" ಎಂದು ಸಾಗಹಾಕುತ್ತ ಬಂದಿದ್ದಳು. ಈಗ ಹುಡುಗಿಯ ಪ್ರಬಂಧ ಈ ಅಳತೆಗಾಗಿಯೇ ಕಾದು ನಿಂತಿತ್ತು.

ಪದರವೂ ಸಿಲಿಕಾನೂ ಕೂಡುವ ಗಡಿಯಲ್ಲಿ ಇಂಗಾಲದ ಪರಮಾಣುಗಳು ವಜ್ರದಲ್ಲಿರುವಂತೆ ಬೆಸೆದುಕೊಂಡಿವೆ ಎಂದು ಅವನ ವಾದ. ಅಲ್ಲ, ಪೆನ್ಸಿಲ್ ಕಡ್ಡಿಯಲ್ಲಿರುವಂತೆ ಎಂದು ಇವಳದು. ಊಟಕ್ಕೆ ಕೂತರೂ ಅದೇ ಜಗಳ. "ನನ್ನ ಮಗ ಹಿಡಿದ ಮೊಲಕ್ಕೆ ಮೂರೇ ಕಾಲು ಕಣಮ್ಮ. ನೀನು ನಾಲ್ಕನೇದು ಹುಡುಕ್ತಾ ಕೂತ್ರೆ ಊಟ ಆರಿಹೋಗುತ್ತೆ," ಎನ್ನುತ್ತಿದ್ದರು ಅತ್ತೆ.

ಅವಳು ಕಿರಣವನ್ನು ಗಡಿಯ ಮೇಲೆ ನಿಲ್ಲಿಸಿದಳು. ಹಾಯ್ದು ಬರುವ ಎಲೆಕ್ಟ್ರಾನುಗಳು ಎಷ್ಟು ಶಕ್ತಿ ಕಳೆದುಕೊಂಡವೆಂದು ನೋಡಿದರೆ ಅಲ್ಲಿಯ ಬೆಸುಗೆ ಯಾವ ಬಗೆಯದೆಂದು ತಿಳಿಯುತ್ತದೆ. ಪರದೆಯ ಮೇಲೆ ಗೆರೆ ಮೂಡಿತು. ಕಡಿದಾಗಿ ಏರುವ ಮೊದಲು ಒಂದು ಪುಟ್ಟ ದಿಣ್ಣೆ. ವಜ್ರದಲ್ಲಿ ಆ ದಿಣ್ಣೆ ಇರುವುದಿಲ್ಲ.

ಹುಡುಗಿಯ ಮುಖ ಸಣ್ಣದಾಯಿತು. "ಕಿರಣ ತಾಗಿ ಹಾಗಾಗಿರಬಹುದಲ್ವಾ ಮೇಡಂ? ಜಾಸ್ತಿ ಹೊತ್ತು ಬಿಟ್ರೆ ವಜ್ರದ ಥರದ್ದೂ ಕೆಡುತ್ತೆ ಅಂತ ನೀವೇ ಹೇಳಿದ್ರಿ. ಹಾಗೇ ಬರೆದುಬಿಡೋಣ. ಸರ್ ಹೇಳಿದ್ದು ಉಳಿಯುತ್ತೆ."

ಬರೆಯಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಅವಳು ಕಿರಣವನ್ನು ತಗ್ಗಿಸಿ, ಇನ್ನೂ ಮುಟ್ಟದಿದ್ದ ಜಾಗಕ್ಕೆ ಸರಿಸಿ, ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಬಿಟ್ಟಳು. ಗೆರೆ ಮಸುಕಾಗಿತ್ತು, ಆದರೆ ದಿಣ್ಣೆ ಇತ್ತು. ಮತ್ತೊಂದು ಕಡೆ ನೋಡಿದಳು. ಅಲ್ಲೂ ಇತ್ತು.

"ಇದ್ದದ್ದನ್ನ ಇದ್ದ ಹಾಗೇ ಬರಿ," ಎಂದಳು.

"ಸರ್ ಹೆಸರು?"

"ಇರಲಿ. ಪದರ ಅವರದು. ತಪ್ಪೂ ಅವರದೇ ಅಲ್ವಾ?" ಎಂದು ನಗಲು ಹೋದಳು. ಹುಡುಗಿ ನೀರು ತರುವ ನೆವದಲ್ಲಿ ಎದ್ದು ಹೋದಳು.

ಗೆದ್ದಿದ್ದಳು. ಅವನಿದ್ದಿದ್ದರೆ ಸಂಜೆಯೆಲ್ಲ ಮುಖ ಊದಿಸಿಕೊಂಡು, ಗೋಡೆಗೆ ತಿರುಗಿ ಮಲಗಿ, ಬೆಳಿಗ್ಗೆ ಬಾಯಲ್ಲಿ ಬ್ರಶ್ ಇಟ್ಟುಕೊಂಡೇ "ನೀನು ಹೇಳಿದ್ದು ಸರಿ ಇರಬಹುದು" ಎನ್ನುತ್ತಿದ್ದ. "ಸರಿ" ಎಂದು ಒಪ್ಪುವ ಜಾತಿಯಲ್ಲ, "ಇರಬಹುದು". ಆ ಒಂದು "ಇರಬಹುದು" ಕೇಳಲು ಅವಳ ಕಿವಿ ಹಂಬಲಿಸಿತು.

ಮನೆಗೆ ಹೊರಟವಳ ಕಾಲು ತಾನಾಗಿ ಅವನು ಪದರ ಬೆಳೆಸುತ್ತಿದ್ದ ಕೋಣೆಯತ್ತ ತಿರುಗಿತು. ಬಾಗಿಲು ತೆರೆದಿತ್ತು. ಹೊಸದಾಗಿ ಸೇರಿದ ತಂತ್ರಜ್ಞ ಉಕ್ಕಿನ ಕೊಳವೆಗಳ ನಡುವೆ ಬಗ್ಗಿ ಏನನ್ನೋ ಬಿಗಿಮಾಡುತ್ತಿದ್ದ.

"ಏನಾದ್ರೂ ಬೇಕಿತ್ತಾ ಮೇಡಂ?"

"ಇಲ್ಲಪ್ಪ, ಸುಮ್ನೆ ಬಂದೆ. ನೀನು ಕೆಲಸ ನೋಡು."

ಅವನು ಗುಂಡಿ ಒತ್ತಿದ. ಪದರ ಬೆಳೆಯುವ ಉಕ್ಕಿನ ಪಾತ್ರೆಯ ದುಂಡು ಗಾಜಿನ ಹಿಂದೆ ನೇರಳೆ ಬೆಳಕು ಎರಡು ಸಲ ತಡವರಿಸಿ ಹೊತ್ತಿಕೊಂಡಿತು. ಅವಳು ಚೀಲವನ್ನು ಹೆಗಲಿನಿಂದ ಇಳಿಸಿ ನೆಲಕ್ಕಿಟ್ಟು, ಬಾಗಿಲಿಗೆ ಒರಗಿ ನಿಂತಳು.