ಮಾಳವ್ವನ ಗೋಡೆಯ ಸಮುದ್ರ

ಬಾಬುಸಾಬನ ಅಂಗಡಿಯಲ್ಲಿ ಸತ್ತವರನ್ನು ಸತ್ತರು ಅನ್ನುವ ಹಾಗಿಲ್ಲ. ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನಲವತ್ತು ವರ್ಷದಿಂದ ಫೋಟೊಗಳಿಗೆ ಕಟ್ಟು ಹಾಕುತ್ತ ಬಂದ ಮುದುಕ ಅವನು. ಯಾರಾದರೂ ಫೋಟೊ ತಂದು ಮುಂದಿಟ್ಟರೆ ಕನ್ನಡಕದ ಮೇಲಿಂದ ನೋಡಿ ಒಂದೇ ಮಾತು ಕೇಳುತ್ತಾನೆ: "ಮೊಳಿ ಬೇಕೇನ್ರಿ?" ಬೇಕು ಅಂದರೆ ಕಟ್ಟಿನ ಮೇಲಿನ ಎರಡು ಮೂಲೆಗೆ ಎರಡು ಸಣ್ಣ ಹಿತ್ತಾಳೆ ಮೊಳೆ ಬೀಳುತ್ತವೆ, ಮಾಲೆ ಸಿಗಿಸಲಿಕ್ಕೆ. ಬೇಡ ಅಂದರೆ ಫೋಟೊದ ಮನುಷ್ಯ ಇನ್ನೂ ಬದುಕಿದ್ದಾನೆ. ಬೇರೆ ಏನೂ ಕೇಳುವುದಿಲ್ಲ.

ಆ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಗಾಜು ಕೊಯ್ಯುವವಳು ಮಾಳವ್ವ. ದಿನಾ ನಿಡೋಣಿಯಿಂದ ಬಬಲೇಶ್ವರದ ಮೇಲೆ ಹಾಯ್ದು ಬಸ್ಸಿಗೆ ಬಂದು, ಸಂಜೆ ಅದೇ ಬಸ್ಸಿಗೆ ಹೋಗುತ್ತಾಳೆ. ಯಾರ್ಯಾರದೋ ಮನೆಯ ದೇವರು, ಗುರುಗಳು, ಹಿರಿಯರು ಎಲ್ಲ ಅವಳ ಕೈ ದಾಟಿಯೇ ಗೋಡೆ ಏರಿದವರು. ತನ್ನ ಗಂಡ ಭಾಗಪ್ಪನ ಫೋಟೊಗೆ ಮಾತ್ರ ಅವಳು ಇನ್ನೂ ಕಟ್ಟು ಹಾಕಿರಲಿಲ್ಲ. ಹಾಕಲಿ ಹೇಗೆ? ಕಟ್ಟು ಅಂದಕೂಡಲೇ ಮೊಳೆಯ ಮಾತು ಬರುತ್ತದಲ್ಲ!

ಭಾಗಪ್ಪ ಹನ್ನೊಂದು ವರ್ಷದ ಹಿಂದೆ ಮಲ್ಪೆಗೆ ಹೋಗಿದ್ದ, ಮೀನಿನ ಬೋಟಿನಲ್ಲಿ ಬಲೆ ಎಳೆಯುವ ಕೆಲಸಕ್ಕೆ. ಅಲ್ಲಿಯತನಕ ಅವನು ಕಂಡ ದೊಡ್ಡ ನೀರು ಅಂದರೆ ಭೂತನಾಳದ ಕೆರೆ. ಮೊದಲ ದಿನವೇ ಫೋನು ಮಾಡಿ ಕೂಗಿದ್ದ, "ಭೂತನಾಳ ಕೆರಿಗೆ ಆಚಿ ದಂಡಿ ಕಾಣ್ತೈತಿ. ಇದಕ್ಕ ಆಚಿ ದಂಡಿನ ಇಲ್ಲ ಮಾಳವ್ವಾ! ನೋಡಿ ನೋಡಿ ಕಣ್ಣು ಸೋತು ಬರ್ತಾವ."

"ಈಚಿ ದಂಡಿ ಐತಿಲ್ಲೋ? ಅದನ್ನ ಬಿಟ್ಟು ಭಾಳ ದೂರ ಹೋಗಬ್ಯಾಡ್ರಿ" ಅಂದಿದ್ದಳು ಮಾಳವ್ವ.

ಅವನು ನಕ್ಕಿದ್ದ. "ಒಮ್ಮಿ ನಿನ್ನೂ ಕರಕೊಂಡ ಬಂದು ದಂಡಿ ಮ್ಯಾಲ ನಿಂದ್ರಸ್ತೇನಿ ತಡಿ. ನನ್ನ ಬೋಟು ಬರೋದು ನೀನ ನೋಡೀಯಂತ."

ಎಂಟನೇ ತಿಂಗಳಿಗೆ ಒಂದು ಗಾಳಿ ಎದ್ದಿತು. ಬೋಟು ಮರಳಲಿಲ್ಲ. ಏಳು ಜನರಲ್ಲಿ ನಾಲ್ವರ ಹೆಣ ಸಿಕ್ಕವು, ಭಾಗಪ್ಪನದು ಸಿಗಲಿಲ್ಲ. ಸಿಗದವನನ್ನು ಸತ್ತ ಅಂತ ಹೇಳುವುದು ಹೇಗೆ? ಮಾಳವ್ವ ಹೇಳಲಿಲ್ಲ. ಹಣೆಯ ಕುಂಕುಮ ಒರೆಸಲಿಲ್ಲ, ಹಸಿರು ಬಳೆ ತೆಗೆಯಲಿಲ್ಲ. ಓಣಿಯವರು ಆಡಿಕೊಂಡರು, ಹುಚ್ಚಿ ಅಂದರು. ಅನ್ನಲಿ, ಮಂದಿಯ ಬಾಯಿಗೆ ಬೀಗ ಹಾಕಲಿಕ್ಕೆ ಬರುತ್ತದೆಯೇ?

ಇನ್ನು ಮಾಳವ್ವನ ಮನೆಯ ಗೋಡೆಯ ಮೇಲಿದ್ದ ಸಮುದ್ರದ ಚಿತ್ರದ ಕತೆ. ಕರಾವಳಿಯಿಂದ ವರ್ಗವಾಗಿ ಬಂದಿದ್ದ ಒಬ್ಬ ಡಾಕ್ಟರಮ್ಮ ಎಂಟು ವರ್ಷದ ಹಿಂದೆ ಒಂದು ಪ್ರಿಂಟು ತಂದುಕೊಟ್ಟು, "ಸಮುದ್ರದ ಚಿತ್ರ, ಹುಷಾರು" ಅಂದು ಹೋದಳು. ಕಟ್ಟು ಹಾಕುವುದರೊಳಗೆ ಅವಳಿಗೆ ಮತ್ತೆಲ್ಲಿಗೋ ವರ್ಗವಾಯಿತು, ಫೋನೂ ಹತ್ತಲಿಲ್ಲ. ಪ್ರಿಂಟು ಎರಡು ವರ್ಷ ಅಟ್ಟದ ಮೇಲೆ ಧೂಳು ತಿಂದಿತು. ನವ್ಯ ಚಿತ್ರ ಅದು. ಅಲೆ ಇಲ್ಲ, ತೆಂಗಿನ ಮರ ಇಲ್ಲ, ಮುಳುಗುವ ಸೂರ್ಯನೂ ಇಲ್ಲ. ಅರ್ಧ ದಟ್ಟ ನೀಲಿ, ಅರ್ಧ ಮಣ್ಣು ಹಳದಿ, ನಡುವೆ ಕರ್ರಗೆ ಒಂದು ಒರಟು ಗೀರು. ಬಣ್ಣವನ್ನು ಗೋಡೆಗೆ ಮೆತ್ತುವ ಹಾಗೆ ಮೆತ್ತಿದ್ದ ಅದನ್ನು ಬಿಡಿಸಿದ ಪುಣ್ಯಾತ್ಮ. ನೀಲಿಯಲ್ಲಿ ಒಂದು ಕಡೆ ಉಗುರಿನಷ್ಟು ಬಿಳಿ.

ಬಾಬುಸಾಬ ಅದನ್ನು ಅತ್ತಿತ್ತ ತಿರುಗಿಸಿ ನೋಡಿ, "ಬಿಡಿಸೋವಾಗ ಊಟದ ಹೊತ್ತಾಗಿತ್ತೇನೊ, ಅರ್ಧಕ್ಕ ಎದ್ದ ಹೋಗ್ಯಾನ. ನೀನ ಒಯ್ಯಿ ತಂಗಿ" ಅಂದ.

ಸಮುದ್ರ ಅಂದಮೇಲೆ ಮಾಳವ್ವ ಬಿಟ್ಟಾಳೆಯೇ? ಸುತ್ತ ಬಿಳಿ ದಪ್ಪ ಕಾಗದದ ಅಂಚು ಕೂರಿಸಿದಳು. ಬಾಬುಸಾಬನ ಅಂಗಡಿಯಲ್ಲಿ ಆ ಅಂಚು ಯಾವ ಚಿತ್ರಕ್ಕಾದರೂ ಎರಡು ಬೆರಳು ಒಳಗೇ ಬರುತ್ತದೆ, ಅದು ಅಲ್ಲಿಯ ರೂಢಿ; ಅಡಿಗೆ ಏನು ಮುಚ್ಚಿತೆಂದು ಅವಳು ನೋಡಲಿಲ್ಲ. ಗಾಜು ಹಾಕಿ, ಹಿಂದೆ ಕೊಂಡಿ ಹೊಡೆದು, ಮನೆಯಲ್ಲಿ ಬುದ್ಧ ಮತ್ತು ಬಾಬಾಸಾಹೇಬರ ಫೋಟೊಗಳ ಎದುರು ಗೋಡೆಗೆ ತೂಗುಹಾಕಿದಳು. ಯಾವುದು ಮೇಲೆ ಯಾವುದು ಕೆಳಗೆ ಅಂತ ಯೋಚಿಸಲೂ ಇಲ್ಲ. ನಿಡೋಣಿಯಲ್ಲಿ ಹುಟ್ಟಿ ಬೆಳೆದವಳಿಗೆ ಮಣ್ಣು ಕೆಳಗೆ, ನೀಲಿ ಮೇಲೆ, ಅದರಲ್ಲಿ ಯೋಚಿಸುವುದೇನು ಬಂತು? ಕೆಳಗಿನ ಹಳದಿ ಮರಳಿನ ದಂಡೆ. ಅದರಾಚೆಗೆ ನೀಲಿ. ನೀಲಿಯಲ್ಲಿ ಹಾರುವ ಒಂದು ಬಿಳಿ ಹಕ್ಕಿ.

ಆ ದಂಡೆಯೇ ಅವಳನ್ನು ಹಿಡಿದುಕೊಂಡಿತು. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಕಣ್ಣು ಅಲ್ಲಿ, ಸಂಜೆ ಚಪ್ಪಲಿ ಬಿಡುವಾಗ ಕಣ್ಣು ಅಲ್ಲಿ. ಇಷ್ಟು ಅಗಲದ ದಂಡಿ ಬಿದ್ದೈತಿ, ಎಲ್ಲರೆ ಒಂದ ಕಡೆ ಹತ್ತಿ ಬರ್ರಿ ಅಂತ ಮನಸ್ಸಿನಲ್ಲೇ ಕರೆಯುವಳು. ಅವನು ಚಾ ಕುಡಿಯುವಾಗ ಮಾಡುವ ಸೊರಸೊರ ಸದ್ದು ಕೇಳಬೇಕೆಂದು ಕೆಲವು ದಿನ ಎದೆ ಹಿಂಡಿ ಬರುತ್ತಿತ್ತು. ಆಗೆಲ್ಲ ದಂಡೆಯನ್ನು ನೋಡುತ್ತ ನಿಂತರೆ ಸ್ವಲ್ಪ ತಡೆಯುತ್ತಿತ್ತು. ಹೀಗೆ ಆರು ವರ್ಷ ಹೋದವು.

ಈಗ ಮಗಳು ಆಮ್ರಪಾಲಿಗೆ ಹೊನವಾಡದ ಕುನಾಲನ ಜೊತೆ ಲಗ್ನ ಗೊತ್ತಾಗಿ, ಕಾರ್ಡು ಅಚ್ಚಾಗಿ ಬಂದಿದ್ದವು. ಮಾಳವ್ವನ ಮನೆತನದಲ್ಲಿ ಮೊದಲ ಕಾರ್ಡು ತೀರಿಹೋದ ಹಿರಿಯರ ಫೋಟೊದ ಮುಂದೆ ಇಟ್ಟು, "ಲಗ್ನಕ್ಕ ಬರ್ರಿ" ಅಂತ ಬಾಯಿಬಿಟ್ಟು ಕರೆಯಬೇಕು. ಅದಾದ ಮೇಲೆಯೇ ಉಳಿದವರಿಗೆ. ಮಾಳವ್ವ ಕಾರ್ಡಿನ ಕಟ್ಟನ್ನು ಬಿಚ್ಚಲೇ ಇಲ್ಲ. ಎಂಟು ದಿನದಿಂದ ಅದು ದಾರ ಸುತ್ತಿಕೊಂಡು ಮೂಲೆಯಲ್ಲಿ ಕೂತಿತ್ತು.

"ಯವ್ವಾ, ಅಪ್ಪನ ಫೋಟೊ ಹಾಕು. ಮೊದಲನೇ ಕಾರ್ಡು ಅಪ್ಪಗ ಇಡಬೇಕು ನಾ" ಅಂದಳು ಆಮ್ರಪಾಲಿ.

"ನಿಮ್ಮಪ್ಪ ಬಂದಮ್ಯಾಲ ಕೈಯಾಗ ಕೊಡು."

"ಹನ್ನೊಂದು ವರ್ಷ ಆತಬೇ! ನೀ ಅಳೂದಿಲ್ಲ, ನನಗೂ ಅಳಾಕ ಬಿಡವಲ್ಲಿ. ಅಪ್ಪ ಇಲ್ಲದಾಕಿ ಆಗೂದು ಬ್ಯಾಡ, ಅಪ್ಪ ಇದ್ದಾಕಿ ಆಗೂದೂ ಬ್ಯಾಡ. ನಾ ಏನಂತ ಹೋಗಲಿ ಅವರ ಮನಿಗೆ?"

ಮಗಳು ಮದುವೆಯನ್ನೇ ಮುಂದೆ ಹಾಕಿಬಿಟ್ಟಾಳು ಅನ್ನಿಸಿತು ಮಾಳವ್ವನಿಗೆ. ಆದರೂ ಫೋಟೊ ಹಾಕುತ್ತೇನೆ ಅಂತ ಅವಳ ಬಾಯಿಂದ ಬರಲಿಲ್ಲ.

ಭಾನುವಾರ ಕುನಾಲ ತಮ್ಮ ಕಡೆಯ ಕಾರ್ಡು ಒಯ್ಯಲು ಬಂದ. ಕಾರವಾರದ ಬಂದರಿನಲ್ಲಿ ಮೂರು ವರ್ಷ ನೌಕರಿ ಮಾಡಿ, ಈಗ ವಿಜಯಪುರಕ್ಕೆ ಬಂದಿದ್ದ ಹುಡುಗ. ಚಾ ಕುಡಿಯುತ್ತ ಚಿತ್ರ ನೋಡಿದ. ಕುತ್ತಿಗೆ ವಾರೆ ಮಾಡಿ ಮತ್ತೊಮ್ಮೆ ನೋಡಿದ.

"ಅತ್ತಿ, ಈ ಚಿತ್ರ ತಲಿಕೆಳಗ ಹಾಕೀರಿ."

"ಗಾಜು ಕೊಯ್ದು ಕೊಯ್ದು ನನ್ನ ಬೆರಳು ಸವದಾವ. ನನಗ ಕಟ್ಟು ಹಾಕೂದು ಕಲಸ್ತೀಯೇನಪಾ?" ಅಂದಳು ಮಾಳವ್ವ, ನಗುತ್ತಲೇ.

"ಹಂಗಲ್ರಿ. ನೀಲಿ ಕೆಳಗ ಬರಬೇಕು, ಅದು ನೀರು. ಹಳದಿ ಅಂದ್ರ ಮುಗಿಲು. ಮಳಿಗಾಲದ ಮುಂದ ಅಲ್ಲಿ ಸಂಜಿ ಮುಗಿಲು ಹಿಂಗ ಮಣ್ಣಿನ ಬಣ್ಣಕ್ಕ ತಿರಗತೈತಿ."

"ಹಂಗಾರ ದಂಡಿ?"

"ದಂಡಿ ಇದರಾಗ ಇಲ್ರಿ. ಬಿಡಿಸಿದಾವ ದಂಡಿ ಮ್ಯಾಲ ನಿಂತು ನೋಡ್ಯಾನ, ದಂಡಿ ಅವನ ಕಾಲ ಕೆಳಗ ಉಳದೈತಿ. ಆ ಬಿಳೀದು ಹಕ್ಕಿ ಅಲ್ಲ, ದೋಣಿ—" ಅಂದವನು, ತಾನು ಯಾರ ಮನೆಯಲ್ಲಿ ಕೂತಿದ್ದೇನೆಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡ. ಚಾ ಅರ್ಧಕ್ಕೆ ಬಿಟ್ಟು ಎದ್ದ. ಆಮ್ರಪಾಲಿ ಅವನನ್ನು ಬಸ್ಸಿನತನಕ ಕಳಿಸಲು ಹೋದಳು.

ಮಾಳವ್ವ ಬಾಗಿಲು ಮುಂದೆ ಮಾಡಿ ಚಿತ್ರ ಇಳಿಸಿದಳು. ಹಿಂದಿನ ಮೊಳೆ ಕಿತ್ತು, ಹಲಗೆ ತೆಗೆದು, ತಾನೇ ಕೂರಿಸಿದ ಬಿಳಿ ಅಂಚನ್ನು ಸರಿಸಿದಳು. ಆರು ವರ್ಷ ಅಂಚಿನಡಿ ಮುಚ್ಚಿಹೋಗಿದ್ದ ಚಿತ್ರಕಾರನ ಸಹಿ ಮೇಲಿನ ಮೂಲೆಯಲ್ಲಿತ್ತು, ಬುಡಮೇಲಾಗಿ. ಚಿತ್ರವನ್ನು ನಿಧಾನವಾಗಿ ತಿರುಗಿಸಿದಳು. ಸಹಿ ನೆಟ್ಟಗಾಯಿತು. ಹಕ್ಕಿ ನೀರಿಗಿಳಿದು ದೋಣಿಯಾಯಿತು. ಅವಳು ಆರು ವರ್ಷ ಕಾಯ್ದ ದಂಡೆ ಮೇಲೆ ಹೋಗಿ ಮುಗಿಲಾಯಿತು. ಹತ್ತಿ ಬರಲಿಕ್ಕೆ ಎಲ್ಲೂ ಒಂದು ಹಿಡಿ ಮರಳಿರಲಿಲ್ಲ. ಅಯ್ಯೋ, ಎಲ್ಲಿಗೆ ಬರ್ರಿ ಅಂತ ಕರದ್ನೋ ನಿಮ್ಮನ್ನ, ಅಂತ ಮಾಳವ್ವ ಚಿತ್ರವನ್ನು ಮಡಿಲಿಗೆ ಎಳೆದುಕೊಂಡಳು.

ಸೋಮವಾರ ಅವಳು ಅಂಗಡಿಗೆ ಹೋದವಳೇ ಸೆರಗಿನ ಗಂಟು ಬಿಚ್ಚಿ ಭಾಗಪ್ಪನ ಫೋಟೊ ಬಾಬುಸಾಬನ ಮುಂದಿಟ್ಟಳು. ಬಾಬುಸಾಬ ಕನ್ನಡಕದ ಮೇಲಿಂದ ನೋಡಿದ. ನಲವತ್ತು ವರ್ಷದಲ್ಲಿ ಮೊದಲ ಸಲ ಅವನು ಏನೂ ಕೇಳಲಿಲ್ಲ.

"ಕೇಳ್ರಿ ಅಣ್ಣಾ" ಅಂದಳು ಮಾಳವ್ವ.

"ಏನು ಕೇಳ್ಲಿ ತಂಗಿ?"

"ಎಲ್ಲಾರಿಗೂ ಕೇಳ್ತೀರಲ್ಲ, ಅದನ್ನ."

ಮುದುಕ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಒರೆಸುತ್ತಲೇ ಇದ್ದ. "ಮೊಳಿ... ಬೇಕೇನವ್ವಾ?"

"ಬೇಕು. ನಾನ ಹೊಡಿತೇನಿ."

ಎರಡೂ ಮೊಳೆಯನ್ನು ಅವಳೇ ಹೊಡೆದಳು. ಹೊಡೆದಾದ ಮೇಲೆ ಹನ್ನೊಂದು ವರ್ಷದ ಅಳುವನ್ನೆಲ್ಲ ಗಾಜಿನ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಬಾಬುಸಾಬ ಅಂಗಡಿಯ ಬಾಗಿಲು ಅರ್ಧ ಎಳೆದು ಹೊರಗೆ ಕೂತ, ಬಂದ ಗಿರಾಕಿಗಳನ್ನು ನಾಳೆ ಬರ್ರಿ ಅಂತ ಕಳಿಸಿದ.

ಸಂಜೆ ಸಮುದ್ರದ ಚಿತ್ರ ನೆಟ್ಟಗಾಗಿ ಮತ್ತೆ ಗೋಡೆ ಏರಿತು. ಅದರ ಪಕ್ಕದಲ್ಲಿ ಭಾಗಪ್ಪ, ಕೊರಳಿಗೆ ಸೇವಂತಿಗೆ ಮಾಲೆ. ಆಮ್ರಪಾಲಿ ದಾರ ಬಿಚ್ಚಿ ಮೊದಲ ಕಾರ್ಡು ಅಪ್ಪನ ಮುಂದಿಟ್ಟಳು, ಕರೆಯಲು ಹೋಗಿ ಅತ್ತುಬಿಟ್ಟಳು. ತಾಯಿಯೇ ಹಸಿರು ಬಳೆಯ ಕೈ ಜೋಡಿಸಿ ನಿಂತಳು.

"ಮಗಳ ಲಗ್ನ ಐತ್ರಿ, ಬರ್ರಿ" ಅಂದಳು. ಪಕ್ಕದ ಚಿತ್ರದ ಬಿಳಿ ದೋಣಿಯ ಕಡೆಗೆ ತಿರುಗಿದಳು. "ಬರಾಕ ಆಗದಿದ್ರ ಅಲ್ಲಿಂದನ ನೋಡ್ರಿ. ನಾ ದಂಡಿ ಮ್ಯಾಲ ನಿಂತೇನಿ."