ಎರಡು ಕೆಮ್ಮಿನ ಎಣ್ಣೆ

ನಾಲ್ಕನೆಯ ಬಟ್ಟಲನ್ನು ಅವಳು ಎಡ ಅಂಗೈಯಲ್ಲಿಟ್ಟು, ಬಲ ಅಂಗೈಯಿಂದ ಮುಚ್ಚಿ, ಎದೆಯ ಹತ್ತಿರ ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದಳು. ಎಣ್ಣೆ ಮೈಬಿಸಿಗೆ ಬರಬೇಕು, ಆಗಲೇ ಅದು ತನ್ನ ವಾಸನೆ ಬಿಟ್ಟುಕೊಡುವುದು. ಬಟ್ಟಲಿನ ಗಾಜು ಕಡುನೀಲಿ. ಒಳಗಿನದು ಹಸಿರೋ ಹಳದಿಯೋ ಕಾಣಬಾರದು. ಕಣ್ಣು ಮೂಗಿಗೆ ಚಾಡಿ ಹೇಳಬಾರದು. ಮೇಜಿನ ಮೇಲೆ ಅಂಥ ಆರು ಬಟ್ಟಲು, ನಡುನಡುವೆ ಬಾಯಿ ಶುಚಿ ಮಾಡಿಕೊಳ್ಳಲು ಹೋಳು ಮಾಡಿದ ಸೇಬು, ನೀರು. ಉಳಿದ ಐದನ್ನು ಆಗಲೇ ನೋಡಿಯಾಗಿತ್ತು. ಆರೂ ಆಲಿವ್ ಎಣ್ಣೆಯೇ, ಕೆಳಗಿನ ಅಂಗಡಿಯ ಕಪಾಟುಗಳಿಂದ ಬೆಳಿಗ್ಗೆ ಎತ್ತಿಕೊಂಡು ಬಂದವು. ಕೊಟ್ಟ ಬೆಲೆಗೆ ಮೋಸವಿಲ್ಲದ್ದು ಯಾವುದು ಎಂದು ಈ ಕೋಣೆಯಲ್ಲಿ ರುಚಿ ನೋಡುವವರು ಹೇಳಿದರೆ, ಅಂಗಡಿಯವರು ಅದರ ಕತ್ತಿಗೆ ಚಿನ್ನದ ಬಣ್ಣದ ಚೀಟಿ ಕಟ್ಟುತ್ತಿದ್ದರು.

ಅಂಗೈ ಸರಿಸಿ, ಮೂಗನ್ನು ಬಟ್ಟಲಿಗೆ ಇಳಿಸಿ, ಉಸಿರೆಳೆದಳು. ಬೆಚ್ಚನೆಯ ಗಾಳಿ ಒಳಗೆ ಹೋಯಿತು, ಹೊರಗೆ ಬಂತು. ಅಷ್ಟೇ.

ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ವಾಸನೆಗಳನ್ನೂ ಗಂಟು ಕಟ್ಟಿಕೊಂಡು ಹೋಗಿತ್ತು. ಇಂದಲ್ಲ ನಾಳೆ ಬಂದೀತು ಎಂದು ಕಾದಳು. ಬೆಳಿಗ್ಗೆ ಎದ್ದ ಕೂಡಲೇ ಸೋಪನ್ನು ಮೂಸಿ ನೋಡುವುದು, ಸುಮ್ಮನೆ ಕೆಳಗಿಡುವುದು. ನಾಲಿಗೆ, ಗಂಟಲು ಮಾತ್ರ ಕೈಕೊಟ್ಟಿರಲಿಲ್ಲ. ಕಹಿ ನಾಲಿಗೆಗೆ ಗೊತ್ತಾಗುತ್ತದೆ. ಒಳ್ಳೆಯ ಎಣ್ಣೆ ಗಂಟಲಿನ ಹಿಂಬದಿಯನ್ನು ಕಚ್ಚಿ ಕೆಮ್ಮಿಸುತ್ತದೆ. ಒಂದು ಕೆಮ್ಮಿನದು, ಎರಡು ಕೆಮ್ಮಿನದು ಎಂದೇ ಈ ಕಸುಬಿನವರು ಅಳೆಯುವುದು. ಅದಕ್ಕೆ ಮೂಗು ಬೇಕಿಲ್ಲ. ಕಮಟು ಹಿಡಿದಿದೆಯೇ ಎಂದು ತಿಳಿಯುವುದಕ್ಕೆ ಮೂಗೇ ಬೇಕು. ಅದಕ್ಕಾಗಿ ಅವಳು ಉಳಿದವರ ಮುಖ ನೋಡುತ್ತಿದ್ದಳು. ಈ ಕೋಣೆಯಲ್ಲಿ ಅವಳನ್ನು ಮೂಗಿನ ಮಹಾರಾಣಿ ಎಂದು ಕರೆಯುತ್ತಿದ್ದರು. ಮೂಗು ಹೋಯಿತೆಂದರೆ ಕುರ್ಚಿಯೂ ಹೋಗುತ್ತಿತ್ತು. ಗಂಡ ಹಾಸಿಗೆ ಹಿಡಿದಿದ್ದ. ಮನೆ ನಿಂತಿದ್ದುದು ಆ ಕುರ್ಚಿಯ ಮೇಲೆ.

ಒಂದು ಗುಟುಕು ಬಾಯಿಗೆ ಹಾಕಿಕೊಂಡು ಸೊರ್ ಎಂದು ಗಾಳಿ ಎಳೆದಳು. ಕೆಮ್ಮು ಬಂತು. ಇನ್ನೊಂದು ಬಂತು. ಹಾಯೆನಿಸಿತು. ಎದುರಿನ ಹೊಸ ಹುಡುಗಿ ಇವತ್ತು ಯಾಕೋ ಮುಖ ತಗ್ಗಿಸಿ ಕೂತಿದ್ದಳು, ಏನೂ ಕಾಣಲಿಲ್ಲ.

"ನಾಲ್ಕನೇದು ಹೇಗಿದೆ, ಮಹಾರಾಣಿಯವರೇ?" ಎಂದ ಮುಖ್ಯಸ್ಥ.

"ಎರಡು ಕೆಮ್ಮು. ಕಹೀನೂ ಹದವಾಗಿದೆ. ಆರರಲ್ಲಿ ಇದೇ ಮೊದಲು."

ಅವನು ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಂಡ. "ಹೌದಾ? ನಂಗ್ಯಾಕೋ ಸ್ವಲ್ಪ..." ಎಂದು ಮತ್ತೆ ಮೂಸಿದ. "ಹೋಗ್ಲಿ ಬಿಡಿ. ಬೆಳಿಗ್ಗೆ ಸಿಗರೇಟು ಸೇದಿದ್ದು ನನ್ನದೇ ತಪ್ಪು. ನೀನೇನಮ್ಮ ಹೇಳ್ತೀಯ?"

ಹೊಸ ಹುಡುಗಿ ಕೆಂಪಾದಳು. "ಮಕ್ಕಳು ಬಣ್ಣ ಹಚ್ಚೋ ಮೇಣದ ಕಡ್ಡಿ ಇರುತ್ತಲ್ಲ ಸರ್, ಆ ವಾಸನೆ ಬಂದ ಹಾಗಾಯ್ತು. ಆದ್ರೆ ಅಕ್ಕಂಗೇ ಬಂದಿಲ್ಲ ಅಂದ್ಮೇಲೆ ಇರಲ್ಲ ಬಿಡಿ."

"ಮೇಣದ ಕಡ್ಡಿ ಬಾಯಿಗಿಡೋ ವಯಸ್ಸು ಇವಳಿಗಿನ್ನೂ ದಾಟಿಲ್ಲ," ಎಂದು ಮುಖ್ಯಸ್ಥ ನಕ್ಕ. ಹುಡುಗಿಯೂ ನಕ್ಕಳು. ಅವಳೂ ನಕ್ಕಳು. ಮೇಣದ ಕಡ್ಡಿಯ ವಾಸನೆ ಬಂದರೆ ಎಣ್ಣೆ ಕಮಟು ಹಿಡಿದಿದೆ ಎಂದು ಆ ಹುಡುಗಿಗೆ ಕಲಿಸಿದವಳು ಅವಳೇ. ಇನ್ನೊಂದು ಸಲ ನೋಡೋಣ್ವಾ ಎಂದರೆ ಸಾಕಿತ್ತು. ಮುಖ್ಯಸ್ಥ ಆಗಲೇ ನಾಲ್ಕರ ಸುತ್ತ ಗೆರೆ ಎಳೆದಿದ್ದ. ಅಲ್ಲಿಯವರೆಗೆ ಪರದೆಯ ಹಿಂದೆ ಮರೆಮಾಡಿಟ್ಟಿದ್ದ ನಾಲ್ಕರ ಬಾಟಲಿ ಹೊರಬಂತು. ತೆಳುಗಾಜಿನದು. ಕಿಟಕಿಯ ಬಿಸಿಲಿಗೆ ನಿಂತು ನಿಂತು ಅದರ ಚೀಟಿ ಒಂದು ಬದಿಗೆ ಬಿಳಿಚಿಕೊಂಡಿತ್ತು.

"ಉಳಿದಿದ್ದು ತಗೊಂಡ್ಹೋಗಿ, ಯಜಮಾನರಿಗೆ ಕೊಡಿ. ಕಾಲು ಹೇಗಿದೆ ಅವರದು?"

"ಪರವಾಗಿಲ್ಲ ಸರ್. ಮುಂದಿನ ವಾರ ಪ್ಲಾಸ್ಟರ್ ಬಿಚ್ತಾರೆ."

ಗಂಡ ಗಡಿಯಾರ ರಿಪೇರಿ ಮಾಡುವವನು. ಸಕ್ಕರೆ ಕಾಯಿಲೆಯಿಂದ ಪಾದಗಳು ಎಂದೋ ಜೋಮು ಹಿಡಿದಿದ್ದವು; ಮೊಳೆ ಚುಚ್ಚಿದ್ದು ಕಾಲುಚೀಲ ರಕ್ತವಾದ ಮೇಲೆ ಗೊತ್ತಾಗಿತ್ತು. ಗಾಯದ ಮೇಲೆ ಭಾರ ಬೀಳದಿರಲೆಂದು ಆಸ್ಪತ್ರೆಯವರು ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ ಕಳಿಸಿದ್ದರು. "ಒಳಗೇನಾಗ್ತಿದೆ ಅಂತ ನಿಮಗೆ ಕಾಣಲ್ಲ, ಇವರಿಗೆ ನೋವೂ ಗೊತ್ತಾಗಲ್ಲ," ಎಂದಿದ್ದಳು ನರ್ಸ್, ಅವಳ ಕಡೆ ತಿರುಗಿ. "ಕೆಟ್ಟ ವಾಸನೆ ಬಂತೋ, ಒಂದು ಗಳಿಗೆ ಕಾಯ್ಬೇಡಿ, ಕರ್ಕೊಂಡು ಬನ್ನಿ."

"ಅದರ ಯೋಚನೆ ಬಿಡಿ ಸಿಸ್ಟರ್," ಎಂದಿದ್ದ ಗಂಡ. "ಇಡೀ ಊರಿಗೆ ಎಣ್ಣೆ ಮೂಸಿ ಕೊಡೋಳು ಇವಳು." ನರ್ಸ್ ನಕ್ಕಿದ್ದಳು. ತನ್ನ ಮೂಗಿನ ವಿಷಯ ಮನೆಗೆ ಹೋಗಿ ಹೇಳಿದರಾಯಿತು ಎಂದು ಅವಳು ಅಂದುಕೊಂಡಿದ್ದಳು. ಮನೆಗೆ ಬಂದ ಮೇಲೆ ಅವನು ಹೇಳಿದ್ದನ್ನೇ ಹೇಳಿ ಹೇಳಿ ಹೆಮ್ಮೆಪಡುತ್ತಿದ್ದ.

ಸಂಜೆ ಅವನು ದಿಂಬಿಗೆ ಒರಗಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಮಡಿಲ ಹಲಗೆಯ ಮೇಲೆ ಒಂದು ಕೈಗಡಿಯಾರವನ್ನು ಬಿಚ್ಚಿಟ್ಟಿದ್ದ. ಧೂಳು ಬೀಳುತ್ತದೆಂದು ಕಿಟಕಿ ಮುಚ್ಚಿತ್ತು. ಎಣ್ಣೆಯನ್ನು ಹಾಗೇ ಬಚ್ಚಲಿಗೆ ಸುರಿಯಬೇಕೆಂದುಕೊಂಡಿದ್ದಳು. ಅವನು ಚೀಲದಲ್ಲಿ ಬಾಟಲಿ ನೋಡಿಬಿಟ್ಟ. ತಟ್ಟೆಗೆ ಸುರಿಸಿಕೊಂಡು ಬ್ರೆಡ್ಡು ಅದ್ದಿ ಬಾಯಿಗಿಟ್ಟ. ಅಗಿಯುವುದು ಒಂದು ಕ್ಷಣ ನಿಂತಿತು.

"ಇದೆಷ್ಟನೇದು?"

"ಮೊದಲನೇದು. ಎರಡು ಕೆಮ್ಮು."

"ಹಾಗಾದ್ರೆ ಒಳ್ಳೇದೇ," ಎಂದು ಅವನು ಉಳಿದದ್ದನ್ನೂ ತಿಂದ. ಅವನ ಮುಖ ಕೆಂಪಗಿತ್ತು. ಕೇಳಿದ್ದಕ್ಕೆ ಸೆಕೆ ಎಂದ.

ನಾದಿನಿ ಬಂದದ್ದು ಆಗ. ಅವಳು ಊರಿನ ಬಸ್ಸು ಓಡಿಸುತ್ತಿದ್ದಳು. ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಅಣ್ಣನನ್ನು ನೋಡಲು ಬಂದವಳು ಬಾಗಿಲಲ್ಲೇ ನಿಂತು, ತೋಳನ್ನು ಮೂಗಿಗೆ ಒತ್ತಿಕೊಂಡಳು.

"ಅತ್ತಿಗೆ, ಏನಿದು ವಾಸನೆ?"

"ಎಣ್ಣೆ ಇರ್ಬೇಕು," ಎಂದಳು ಅವಳು ಥಟ್ಟನೆ. "ಹಳೇದಾಗಿದೆ."

ಗಂಡ ತಲೆಯೆತ್ತಿ ನೋಡಿದ. ನಾದಿನಿ ಬಾಟಲಿ ಎತ್ತಿ ಮೂಸಿದಳು. "ಇದೂ ಕೆಟ್ಟಿದೆ. ಆದ್ರೆ ಇದಲ್ಲ." ನೇರ ಹಾಸಿಗೆಯ ಹತ್ತಿರ ಹೋಗಿ, ಹೊದಿಕೆ ಎತ್ತಿದಳು. "ಅಯ್ಯೋ ಅಣ್ಣಾ! ನಿಮ್ಮಿಬ್ಬರಿಗೂ ಬುದ್ಧಿ ನೆಟ್ಟಗಿದೆಯಾ? ಮೆಟ್ಟಿಲ ಹತ್ರಾನೇ ಹೊಡೀತಿತ್ತಲ್ಲ! ಎಷ್ಟು ದಿನದಿಂದ ಹೀಗೆ?"

ಅವನು ತಂಗಿಯ ಕಡೆ ನೋಡಲಿಲ್ಲ. "ನಂಗೂ ಅನ್ನಿಸ್ತಿತ್ತು ಕಣೇ. ಆದ್ರೆ ಇವಳು ಪಕ್ಕದಲ್ಲೇ ಮಲಗ್ತಾಳೆ, ಒಂದು ಮಾತೂ ಆಡ್ಲಿಲ್ಲ. ಇವಳ ಮೂಗಿಗೇ ಬಂದಿಲ್ಲ ಅಂದ್ಮೇಲೆ ಬರೀ ನನ್ನ ಭ್ರಮೆ ಅಂದ್ಕೊಂಡೆ." ಆಮೇಲೆ ಹೆಂಡತಿಯನ್ನು ಕೇಳಿದ, "ಅಲ್ವಾ?"

ಅವಳು ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತಿದ್ದಳು. ಕಾಲ್ಬೆರಳುಗಳ ಹತ್ತಿರ ಪ್ಲಾಸ್ಟರಿನ ಅಂಚಿನಲ್ಲಿ ಕಂದು ಬಣ್ಣ ಇಳಿದಿತ್ತು. ನಿನ್ನೆ ಅದನ್ನು ಕಂಡು ಚಹಾದ ಕಲೆ ಇರಬೇಕು ಎಂದುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿದ್ದಳು.

"ಜ್ವರ ಬಂದಾಗಿಂದ ನಂಗೆ ಯಾವ ವಾಸನೇನೂ ಬರಲ್ಲ," ಎಂದಳು.

ಫೋನು ಕಿವಿಗಿಟ್ಟಿದ್ದ ನಾದಿನಿ ಅವಳನ್ನೇ ನೋಡುತ್ತ ವಿಳಾಸ ಹೇಳಿದಳು. ಗಂಡ ಭೂತಗನ್ನಡಿ ತೆಗೆದು, ಒರೆಸಿ, ಪೆಟ್ಟಿಗೆಯಲ್ಲಿಟ್ಟ. ಬಿಚ್ಚಿದ ಗಡಿಯಾರದ ಹಲ್ಲುಚಕ್ರಗಳನ್ನು ಒಂದೊಂದಾಗಿ ಚಿಮಟಿಗೆಯಿಂದ ಎತ್ತಿ ಮುಚ್ಚಳದ ಕೆಳಗೆ ಸೇರಿಸತೊಡಗಿದ.

ಆಂಬುಲೆನ್ಸಿನ ಇಬ್ಬರು ಅವನನ್ನು ಸ್ಟ್ರೆಚರ್ ಮೇಲೆ ಮಲಗಿಸಿದರು. ಮೆಟ್ಟಿಲ ತಿರುವು ಇಕ್ಕಟ್ಟು. ಯಾರಾದರೂ ಕಾಲು ಹಿಡಿದುಕೊಳ್ಳಿ ಎಂದರು. ಅವಳು ಮುಂದೆ ಬಂದಳು. ಹೊತ್ತವರು ಇಬ್ಬರೂ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಇಳಿಯುತ್ತಿದ್ದರು. ಕೆಳಗಿನ ಮನೆಯವರು ಬಾಗಿಲು ತೆರೆದು ಮತ್ತೆ ಮುಚ್ಚಿದರು.

"ಮಾಸ್ಕ್ ಬೇಕೇನಮ್ಮ?" ಎಂದ ಒಬ್ಬ.

ಅವಳು ಬೇಡವೆಂದು ತಲೆಯಾಡಿಸಿದಳು. ಹಿಮ್ಮಡಿಯನ್ನು ಎಡ ಅಂಗೈಯಲ್ಲಿಟ್ಟು, ಪಾದವನ್ನು ಬಲ ಅಂಗೈಯಿಂದ ಮುಚ್ಚಿ, ಎದೆಯ ಹತ್ತಿರ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ತಿರುವಿನಲ್ಲಿ ಬಗ್ಗಿ ಉಸಿರೆಳೆದಳು. ಬರೀ ಗಾಳಿ ಒಳಗೆ ಹೋಗಿ ಹೊರಗೆ ಬಂತು. ಪ್ಲಾಸ್ಟರಿನ ಮೂಲಕವೂ ಅವಳ ಅಂಗೈಗೆ ಬಿಸಿ ತಾಗುತ್ತಿತ್ತು.